ಲೇಸರ್ ಆದ ಮೇಲಿನ ಕಣ್ಣಿನ ಸ್ಕ್ಯಾನ್‌ಗಳು: ಯಾವುದು ಹಣಕ್ಕೆ ತಕ್ಕದ್ದು, ಯಾವುದು ಅಲ್ಲ

ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ರೆಟಿನಾ) ಕೆಟ್ಟು ಲೇಸರ್ ಮಾಡಿಸಿಕೊಂಡವರಿಗೆ ಆಮೇಲಿನ ವರ್ಷಗಳಲ್ಲಿ ಕಣ್ಣಾಸ್ಪತ್ರೆಗಳು ಬರೆದುಕೊಡುವ ಸ್ಕ್ಯಾನ್‌ಗಳು ನಾಲ್ಕೈದು ಬಗೆಯವು: ಬೆಳಕಿನಿಂದ ಅಕ್ಷಿಪಟಲದ ಸೀಳುನೋಟ ಕೊಡುವ ಓಸಿಟಿ, ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಆಂಜಿಯೋಗ್ರಾಂ, ಬಣ್ಣವಿಲ್ಲದ ಓಸಿಟಿ ಆಂಜಿಯೋಗ್ರಫಿ, ಅಂಚಿನವರೆಗೂ ತೋರಿಸುವ ವೈಡ್‌ಫೀಲ್ಡ್ ಫೋಟೋ ಮತ್ತು ಅಪರೂಪಕ್ಕೊಮ್ಮೆ ಶಬ್ದತರಂಗದ ಬಿ-ಸ್ಕ್ಯಾನ್. ದರಪಟ್ಟಿಯಲ್ಲಿ ಇವೆಲ್ಲ ಒಂದರ ಕೆಳಗೊಂದು ಸಾಲಾಗಿ ಕುಳಿತಿರುತ್ತವೆಯಾದರೂ ಯಾವ ತೊಂದರೆಯನ್ನು ಯಾವುದು ಹಿಡಿಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬುದನ್ನು ರೋಗಿಗೆ ಕೂರಿಸಿ ಹೇಳುವವರು ಕಡಿಮೆ. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ನನ್ನ ಅಕ್ಕನ ಎರಡೂ ಕಣ್ಣುಗಳಿಗೆ ಲೇಸರ್ ಆಗಿರುವುದರಿಂದ ಹಾಸನ, ಮೈಸೂರು ಮತ್ತು ಬೆಂಗಳೂರಿನ ಬೇರೆ ಬೇರೆ ಕೇಂದ್ರಗಳಲ್ಲಿ ಅವರ ಜೊತೆ ಕಾದು, ಯಂತ್ರಗಳ ಪಕ್ಕದಲ್ಲಿ ನಿಂತು ನೋಡಿ, ತಂತ್ರಜ್ಞರನ್ನೂ ವೈದ್ಯರನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೇಂದ್ರಗಳ ಹೆಸರು ಹೇಳುವುದಿಲ್ಲ, ಏಕೆಂದರೆ ಇದು ಆಸ್ಪತ್ರೆಗಳ ವಿಮರ್ಶೆಯಲ್ಲ, ಈ ಚಿತ್ರಣ ಸೇವೆಗಳ ವಿಮರ್ಶೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಲೇಸರ್ ನಂತರ ತೆಗೆಸುವ ಯಾವ ಸ್ಕ್ಯಾನ್ ಆದರೂ ಹಿಂದಿನ ಸ್ಕ್ಯಾನ್‌ನ ಪಕ್ಕದಲ್ಲಿಟ್ಟು ನೋಡುವಂತಿಲ್ಲದಿದ್ದರೆ ಅದಕ್ಕೆ ಕೊಟ್ಟ ಹಣದಲ್ಲಿ ಅರ್ಧ ವ್ಯರ್ಥ.

ಲೇಸರ್ ಆದ ಕಣ್ಣಿಗೆ ಪ್ರತ್ಯೇಕವಾದ ಚಿತ್ರಣ ಏಕೆ ಬೇಕೆಂದು ತಿಳಿಯಲು ಆ ಚಿಕಿತ್ಸೆಯ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಂಡಾಗ ಆಮ್ಲಜನಕ ಸಾಲದ ಭಾಗವು ಹೊಸ ನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಸಂಕೇತವನ್ನು ಹೊರಡಿಸುತ್ತದೆ. ಹಾಗೆ ಬೆಳೆದ ನಾಳಗಳು ದುರ್ಬಲವಾದವು. ಒಡೆದು ಕಣ್ಣಿನೊಳಗೆ ರಕ್ತ ತುಂಬಿಸುತ್ತವೆ, ಇಲ್ಲವೇ ನಾರಿನಂತೆ ಗಟ್ಟಿಯಾಗಿ ಅಕ್ಷಿಪಟಲವನ್ನು ಎಳೆದು ಕೀಳುತ್ತವೆ. ಕಣ್ಣಿನ ಹಿಂಭಾಗದ ಅಂಚಿನುದ್ದಕ್ಕೂ ಸಾವಿರಕ್ಕೂ ಹೆಚ್ಚು ಚುಕ್ಕೆಗಳನ್ನು ಸುಟ್ಟು ಆಮ್ಲಜನಕದ ಬೇಡಿಕೆಯನ್ನೇ ತಗ್ಗಿಸುವುದು ಪ್ಯಾನ್‌ರೆಟಿನಲ್ ಲೇಸರ್‌ನ ಉಪಾಯ. ಹಳೆಯ ಕ್ರಮದಲ್ಲಿ ಒಂದು ಕಣ್ಣಿಗೆ 1200ರಿಂದ 1600 ಚುಕ್ಕೆಗಳು, ಒಂದೊಂದೂ ಸುಮಾರು 500 ಮೈಕ್ರಾನ್ (ಅರ್ಧ ಮಿಲಿಮೀಟರ್) ಅಗಲ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸುಡುವ ಹೊತ್ತು. ಅಮೆರಿಕದ ಡಯಾಬಿಟಿಕ್ ರೆಟಿನೋಪತಿ ಸ್ಟಡಿ 1976ರಲ್ಲಿ ಇದರಿಂದ ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆಂದು ತೋರಿಸಿದ ಮೇಲೆ ಇದು ಜಗತ್ತಿನಾದ್ಯಂತ ರೂಢಿಗೆ ಬಂತು. 2015ರಲ್ಲಿ ಅಲ್ಲಿನದೇ ಮತ್ತೊಂದು ಅಧ್ಯಯನ ವಿಇಜಿಎಫ್ ಅನ್ನು ತಡೆಯಲು ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಕೂಡ ದೃಷ್ಟಿಯ ಮಟ್ಟಿಗೆ ಲೇಸರ್‌ಗೆ ಕಡಿಮೆಯಲ್ಲವೆಂದು ಹೇಳಿತಾದರೂ, ಮತ್ತೆ ಮತ್ತೆ ಆಸ್ಪತ್ರೆಗೆ ಬರಲಾಗದವರಿಗೆ ಲೇಸರ್ ಇವತ್ತಿಗೂ ನೆಚ್ಚಬಹುದಾದ ದಾರಿಯೇ ಆಗಿದೆ.

ಆದರೆ ಇದು ಸುಟ್ಟು ಉಳಿಸುವ ಚಿಕಿತ್ಸೆ, ಸುಟ್ಟದ್ದಕ್ಕೆ ಪರಿಣಾಮಗಳಿವೆ. ಲೇಸರ್ ಆದ ಕೆಲವು ದಿನ ಅಥವಾ ವಾರಗಳಲ್ಲಿ ಮ್ಯಾಕ್ಯುಲಾದಲ್ಲಿ, ಅಂದರೆ ಓದಲು ಮತ್ತು ಮುಖ ಗುರುತಿಸಲು ಬಳಸುವ ನಡುಭಾಗದಲ್ಲಿ, ನೀರು ತುಂಬಿ ಊತ ಹೆಚ್ಚಬಹುದು. ಒಂದೇ ಸಲಕ್ಕೆ ಹೆಚ್ಚು ಚುಕ್ಕೆ ಹೊಡೆದರೆ ಅಕ್ಷಿಪಟಲದ ಹಿಂದಿನ ಪದರಗಳಲ್ಲಿ ದ್ರವ ಸೇರಿ, ಅಪರೂಪಕ್ಕೆ ಕಣ್ಣಿನ ಮುಂಭಾಗದ ಕೋನ ಮುಚ್ಚಿ ಒತ್ತಡ ಏರಬಹುದು. ಸಂಕುಚಿಸುವ ನಾರುಪೊರೆ ಅಕ್ಷಿಪಟಲವನ್ನು ಎಳೆಯಬಹುದು. ಮ್ಯಾಕ್ಯುಲಾದ ಹತ್ತಿರ ಲೇಸರ್ ಆದವರಲ್ಲಿ ಗುರುತು ವರ್ಷಗಳು ಉರುಳಿದಂತೆ ಹಿಗ್ಗುತ್ತಾ ನಡುಬಿಂದುವಿನತ್ತ ಸರಿಯಬಹುದು. ಅಕ್ಷಿಪಟಲದ ಕೆಳಗಿರುವ ಬ್ರುಕ್ ಪೊರೆ ಎಂಬ ತೆಳುಪದರ ಸೀಳಿದ್ದರೆ ಅದರ ಮೂಲಕ ಹೊಸ ರಕ್ತನಾಳ ಅಕ್ಷಿಪಟಲದ ಕೆಳಗೆ ನುಗ್ಗಬಹುದು. ಇವುಗಳಲ್ಲಿ ಕೆಲವು ದಿನಗಳಲ್ಲಿ ಕಾಣಿಸುತ್ತವೆ, ಕೆಲವಕ್ಕೆ ಹತ್ತು ವರ್ಷ ಬೇಕು. ಹಾಗಾಗಿ ಎಲ್ಲಕ್ಕೂ ಒಂದೇ ಸ್ಕ್ಯಾನ್ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಓಸಿಟಿಯಿಂದ ಆರಂಭಿಸುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಬರೆದುಕೊಡುವುದು ಅದನ್ನೇ, ಮತ್ತು ಅದು ಸರಿಯೇ. 1991ರಲ್ಲಿ ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್, ಜೇಮ್ಸ್ ಫುಜಿಮೋಟೊ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಈ ವಿಧಾನ ಬೆಳಕಿನ ವ್ಯತಿಕರಣವನ್ನು, ಅಂದರೆ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿದಾಗ ಆಗುವ ಏರಿಳಿತವನ್ನು, ಬಳಸಿ ಅಕ್ಷಿಪಟಲವನ್ನು ಸೀಳದೆಯೇ ಅದರ ಸೀಳುನೋಟ ಕೊಡುತ್ತದೆ. ಈ ಮೂವರಿಗೂ 2023ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು. ತರಗತಿಯಲ್ಲಿ ಮೈಕೆಲ್ಸನ್ ವ್ಯತಿಕರಣಮಾಪಕದ ಚಿತ್ರವನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದ ನನ್ನಂಥವನಿಗೆ, ಅದೇ ತತ್ತ್ವ ಒಂದು ಮೇಜಿನ ಮೇಲಿನ ಪೆಟ್ಟಿಗೆಯೊಳಗೆ ಕುಳಿತು ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ತೆಳುವಾದ ವ್ಯತ್ಯಾಸವನ್ನು ಹಿಡಿಯುವುದು ನೋಡಲು ಸಂತೋಷದ ಸಂಗತಿ. ರೋಗಿಗೆ ನೋವಿಲ್ಲ, ಇಂಜೆಕ್ಷನ್ ಇಲ್ಲ. ಗಲ್ಲವಿಟ್ಟು ಒಳಗಿನ ಗುರುತನ್ನು ಕೆಲವು ಕ್ಷಣ ನೋಡಿದರೆ ಸಾಕು. ಕಣ್ಣಪಾಪೆ ತೀರಾ ಚಿಕ್ಕದಲ್ಲದಿದ್ದರೆ ಹಿಗ್ಗಿಸುವ ಹನಿಯೂ ಕೆಲವೊಮ್ಮೆ ಬೇಕಾಗುವುದಿಲ್ಲ.

ಲೇಸರ್ ನಂತರದ ಊತವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯದು ಇಲ್ಲ. ವೈದ್ಯರು ದೀಪ ಹಾಕಿ ನೋಡಿದಾಗ ಅನುಮಾನ ಮಾತ್ರ ಬರುವಷ್ಟು ಸಣ್ಣ ಊತವೂ ಇದರಲ್ಲಿ ಕಪ್ಪು ಗುಳ್ಳೆಗಳಾಗಿ ಎದ್ದು ಕಾಣುತ್ತದೆ. ಒಂದೇ ಸಲಕ್ಕೆ ಪೂರ್ತಿ ಲೇಸರ್ ಮಾಡುವುದಕ್ಕೂ ನಾಲ್ಕು ಸಲ ಹಂಚಿ ಮಾಡುವುದಕ್ಕೂ ಊತದಲ್ಲಿ ಎಷ್ಟು ವ್ಯತ್ಯಾಸ ಎಂಬುದನ್ನು ಸಕ್ಕರೆ ಕಾಯಿಲೆಯ ಕಣ್ಣಿನ ತೊಂದರೆಗಳ ಸಂಶೋಧನೆ ನಡೆಸುವ ಅಮೆರಿಕದ ಡಿಆರ್‌ಸಿಆರ್ ಜಾಲ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದದ್ದೂ ಓಸಿಟಿಯಿಂದಲೇ. ಮೊದಲಿನಿಂದ ಮ್ಯಾಕ್ಯುಲಾ ಊತವಿಲ್ಲದ ಅಥವಾ ಅತ್ಯಲ್ಪವಿದ್ದ ಕಣ್ಣುಗಳಲ್ಲಿ ಆ ವ್ಯತ್ಯಾಸ ಕೊನೆಗೆ ಗಣನೀಯವಾಗಿ ಉಳಿಯಲಿಲ್ಲ. ಲೇಸರ್‌ಗೆ ಮುನ್ನವೇ ಊತವಿದ್ದವರ ಮಾತು ಬೇರೆ, ಅವರಿಗೆ ಮೊದಲೊಂದು ಓಸಿಟಿ, ಲೇಸರ್ ಆದ ಕೆಲವು ವಾರಕ್ಕೆ ಇನ್ನೊಂದು ಓಸಿಟಿ ಇಲ್ಲದೆ ಹೆಜ್ಜೆ ಇಡುವುದು ಕುರುಡು ಕೆಲಸ. ನಾರುಪೊರೆ ಮ್ಯಾಕ್ಯುಲಾವನ್ನು ಎಳೆಯುತ್ತಿದೆಯೇ ಎಂಬುದನ್ನೂ ಇದು ಸ್ಪಷ್ಟವಾಗಿ ತೋರಿಸುತ್ತದೆ. ಎಳೆತದಿಂದ ಆದ ದಪ್ಪಕ್ಕೆ ಇಂಜೆಕ್ಷನ್ ಹೆಚ್ಚು ಉಪಕಾರ ಮಾಡುವುದಿಲ್ಲವಾದ್ದರಿಂದ ಸೋರಿಕೆಯ ಊತವೋ ಎಳೆತದ ಊತವೋ ಎಂಬ ಈ ಒಂದು ವಿವೇಚನೆಯೇ ಸ್ಕ್ಯಾನ್‌ಗೆ ಕೊಟ್ಟ ಹಣವನ್ನು ವಸೂಲಿ ಮಾಡಿಕೊಡುತ್ತದೆ.

ಹಳೆಯ ಲೇಸರ್ ಗುರುತುಗಳೂ ಓಸಿಟಿಯಲ್ಲಿ ಕಾಣುತ್ತವೆ. ಅಕ್ಷಿಪಟಲದ ಹೊರಪದರಗಳು ಅಲ್ಲಿ ಕಡಿದುಹೋಗಿರುತ್ತವೆ. ಬೆಳಕನ್ನು ತಡೆಯುವ ವರ್ಣಕೋಶಗಳ ಪದರ ಅಳಿದುಹೋಗಿರುವುದರಿಂದ ಕಿರಣ ಇನ್ನೂ ಆಳಕ್ಕೆ ಇಳಿದು ಹಿಂದಿನ ಪದರವನ್ನು ಬೆಳಗಿಸುತ್ತದೆ. ಅದನ್ನು ಕಂಡು ಹೊಸ ರೋಗವೆಂದು ಗಾಬರಿಪಡುವವರಿದ್ದಾರೆ. ಎಲ್ಲಿ, ಯಾವಾಗ, ಯಾವ ಬಗೆಯ ಲೇಸರ್ ಆಗಿದೆಯೆಂದು ತಂತ್ರಜ್ಞರಿಗೆ ಮೊದಲೇ ಹೇಳಿದರೆ ಈ ಗೊಂದಲ ತಪ್ಪುತ್ತದೆ. ಒಂದು ಕೇಂದ್ರದಲ್ಲಿ ಮಾತ್ರ ಅದನ್ನು ಕೇಳಿ ಬರೆದುಕೊಂಡರು.

ಇನ್ನು ಓಸಿಟಿ ಸೇವೆಯ ದೊಡ್ಡ ಕೊರತೆಗೆ ಬರುತ್ತೇನೆ. ಬಹುತೇಕ ಕೇಂದ್ರಗಳು ಕೊಡುವುದು ಬಣ್ಣದ ಒಂದೇ ಹಾಳೆ: ನಡುವೆ ಒಂಬತ್ತು ಭಾಗಗಳ ವೃತ್ತ, ಒಂದೊಂದರೊಳಗೆ ಒಂದು ಸಂಖ್ಯೆ, ಪಕ್ಕದಲ್ಲಿ ಒಂದೆರಡು ಸೀಳುನೋಟ. ನಡುವಿನ ಒಂದು ಮಿಲಿಮೀಟರ್ ವೃತ್ತದ ದಪ್ಪವನ್ನೇ ಎಲ್ಲರೂ ನೋಡುವುದು. ಆ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆಂದು ಹಾಳೆಯಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಅಕ್ಷಿಪಟಲ ಎಲ್ಲಿ ಮುಗಿಯಿತು ಎಂದು ಯಾವ ಗೆರೆಯನ್ನು ಹಿಡಿಯಬೇಕೆಂಬುದರಲ್ಲಿ ತಯಾರಕರಿಗೆ ಒಮ್ಮತವಿಲ್ಲ. ಹಳೆಯ ಸ್ಟ್ರಾಟಸ್ ಯಂತ್ರ ಬೆಳಕಿನ ಕೋಶಗಳೊಳಗಿನ ಒಂದು ಗೆರೆಗೆ ನಿಲ್ಲುತ್ತಿತ್ತು. ಸಿರಸ್ ಮತ್ತು ಸ್ಪೆಕ್ಟ್ರಾಲಿಸ್‌ಗಳು ಅದಕ್ಕಿಂತ ಆಳದ ಗೆರೆಗಳನ್ನು ಹಿಡಿಯುತ್ತವೆ. ಹಾಗಾಗಿ ನಡುಭಾಗದ ಊತ ಎಂದು ಕರೆಯಲು ಡಿಆರ್‌ಸಿಆರ್ ಜಾಲದ ಅಧ್ಯಯನಗಳು ಸ್ಟ್ರಾಟಸ್‌ಗೆ 250 ಮೈಕ್ರಾನ್ ಎಂದಿಟ್ಟುಕೊಂಡರೆ, ಸಿರಸ್‌ಗೆ ಮಹಿಳೆಯರಲ್ಲಿ 290, ಪುರುಷರಲ್ಲಿ 305 ಎಂದೂ ಸ್ಪೆಕ್ಟ್ರಾಲಿಸ್‌ಗೆ ಕ್ರಮವಾಗಿ 305 ಮತ್ತು 320 ಎಂದೂ ಇಟ್ಟುಕೊಂಡಿವೆ. ಒಂದೇ ಕಣ್ಣು ಒಂದು ಊರಿನಲ್ಲಿ 285, ಇನ್ನೊಂದು ಊರಿನಲ್ಲಿ 300 ತೋರಿಸಿದರೆ ಊತ ಏರಿದೆ ಎಂದೇನೂ ಅಲ್ಲ. ಅಕ್ಕನ ವಿಷಯದಲ್ಲಿ ಹೀಗೆಯೇ ಆಗಿ, ಒಂದು ಕೇಂದ್ರದಲ್ಲಿ ಹಿಂದಿನ ಹಾಳೆಯ ಸಂಖ್ಯೆಯನ್ನೂ ಅಂದಿನ ಸಂಖ್ಯೆಯನ್ನೂ ಕಳೆದು ನೋಡಿ, ಲೇಸರ್‌ನಿಂದ ಊತ ಹೆಚ್ಚಿದೆ, ಇಂಜೆಕ್ಷನ್ ಬೇಕಾದೀತು ಎಂದು ಸಲಹಾ ವಿಭಾಗದವರು ಹೇಳಿದ್ದರು. ಯಂತ್ರ ಬೇರೆ ಎಂಬುದನ್ನು ವೈದ್ಯರು ಗಮನಿಸಿ ಸೀಳುನೋಟಗಳನ್ನೇ ಒಂದೊಂದಾಗಿ ಹೋಲಿಸಿದ ಮೇಲೆ ಆ ಮಾತು ನಿಂತುಹೋಯಿತು.

ಸಂಖ್ಯೆ ತಪ್ಪಲು ಇನ್ನೊಂದು ಕಾರಣವೂ ಇದೆ. ಯಂತ್ರವು ಪದರಗಳ ಅಂಚನ್ನು ತಾನೇ ಗುರುತಿಸಿ ಗೆರೆ ಎಳೆಯುತ್ತದೆ. ಲೇಸರ್ ಗುರುತು, ನಾರುಪೊರೆ, ಗಟ್ಟಿ ಕೊಬ್ಬಿನ ಕಲೆ ಇರುವ ಕಡೆ ಆ ಗೆರೆ ದಾರಿ ತಪ್ಪುವುದು ಸಾಮಾನ್ಯ. ಸಿರಸ್ ಯಂತ್ರದ ಹಾಳೆಯಲ್ಲಿ ಸಿಗ್ನಲ್ ಬಲ ಹತ್ತಕ್ಕೆ ಆರಕ್ಕಿಂತ ಕಡಿಮೆ ಇದ್ದರೆ ಆ ಸ್ಕ್ಯಾನ್ ಅನ್ನು ಮತ್ತೆ ತೆಗೆಯಬೇಕು. ಕಣ್ಣೊಣಗಿದ್ದರೆ, ಪೊರೆ ಬಂದಿದ್ದರೆ, ಒಳಗೆ ಸ್ವಲ್ಪ ರಕ್ತವಿದ್ದರೆ ಬಲ ತಗ್ಗುತ್ತದೆ. ಹಾಳೆಯ ಮೂಲೆಯಲ್ಲಿ ಅಚ್ಚಾಗಿರುವ ಈ ಸಂಖ್ಯೆಯನ್ನು ನೋಡುವುದು ರೋಗಿಯ ಕಡೆಯವರಿಗೂ ಸಾಧ್ಯ. ಬಲ ಕಡಿಮೆಯಿದ್ದಾಗ ಕಣ್ಣಿಗೆ ಕೃತಕ ಕಣ್ಣೀರಿನ ಹನಿ ಹಾಕಿ, ನಾಲ್ಕು ಸಲ ರೆಪ್ಪೆ ಮಿಟುಕಿಸಿ ಮತ್ತೆ ತೆಗೆಯಿರಿ ಎಂದು ವಿನಯವಾಗಿ ಕೇಳಿದರೆ ಒಳ್ಳೆಯ ತಂತ್ರಜ್ಞರು ಬೇಸರಿಸುವುದಿಲ್ಲ. ಬೇಸರಿಸಿದವರೂ ಸಿಕ್ಕಿದರು.

ಹೀಗಿರುವುದರಿಂದ ಓಸಿಟಿಯ ವಿಷಯದಲ್ಲಿ ನಾನು ಯಂತ್ರದ ಹೊಸತನಕ್ಕಿಂತ ಅದರ ಹಿಂಬಾಲಿಸುವ ಶಕ್ತಿಗೆ ಹೆಚ್ಚು ಅಂಕ ಕೊಡುತ್ತೇನೆ. ಸ್ಪೆಕ್ಟ್ರಾಲಿಸ್‌ನಂಥ ಯಂತ್ರಗಳಲ್ಲಿ ಕಣ್ಣಿನ ಚಲನೆಯನ್ನು ಹಿಂಬಾಲಿಸಿ, ಹಿಂದಿನ ಸ್ಕ್ಯಾನ್ ತೆಗೆದ ಜಾಗದಲ್ಲಿಯೇ ಮತ್ತೆ ಗೆರೆ ಎಳೆಯುವ ಸೌಲಭ್ಯವಿದೆ. ಲೇಸರ್ ಗುರುತು ಹಿಗ್ಗಿತೇ, ಊತ ಇಳಿಯಿತೇ ಎಂಬ ಪ್ರಶ್ನೆಗೆ ಇದೊಂದೇ ಪ್ರಾಮಾಣಿಕ ಉತ್ತರ. ಆದರೆ ಆ ಸೌಲಭ್ಯ ಹಿಂದಿನ ಸ್ಕ್ಯಾನ್ ಅದೇ ಯಂತ್ರದ ಸ್ಮರಣೆಯಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತದೆ. ದೊಡ್ಡೂರಿನ ದುಬಾರಿ ಯಂತ್ರವನ್ನು ಅರಸಿ ಪ್ರತಿ ಸಲ ಕೇಂದ್ರ ಬದಲಿಸುವವರು ಇದನ್ನು ಕಳೆದುಕೊಳ್ಳುತ್ತಾರೆ.

ಬಣ್ಣ ಹಾಕಿ ತೆಗೆಯುವ ಆಂಜಿಯೋಗ್ರಾಂ, ಅಂದರೆ ಆಸ್ಪತ್ರೆಯವರು ಎಫ್‌ಎಫ್‌ಎ ಎಂದು ಕರೆಯುವುದು, ಇದಕ್ಕಿಂತ ಬಹಳ ಹಳೆಯದು. 1961ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿಗಳಾಗಿದ್ದ ನೊವಾಟ್ನಿ ಮತ್ತು ಆಲ್ವಿಸ್ ಎಂಬಿಬ್ಬರು ಇದನ್ನು ಪ್ರಕಟಿಸಿದರು. ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಬಣ್ಣ ಕೊಡುತ್ತಾರೆ; ಶೇಕಡಾ 10ರ ದ್ರಾವಣವಾದರೆ ಸಾಮಾನ್ಯವಾಗಿ 5 ಮಿಲಿಲೀಟರ್. ಹತ್ತು ಹದಿನೈದು ಸೆಕೆಂಡಿನೊಳಗೆ ಅದು ಕಣ್ಣನ್ನು ಮುಟ್ಟುತ್ತದೆ, ನೀಲಿ ಬೆಳಕು ಹಾಕಿದಾಗ ಹಸಿರಾಗಿ ಹೊಳೆಯುತ್ತದೆ, ಸುಮಾರು ಹತ್ತು ನಿಮಿಷದವರೆಗೂ ಚಿತ್ರ ತೆಗೆಯುತ್ತಾರೆ. ನಾಳಗಳು ಎಲ್ಲಿ ಮುಚ್ಚಿವೆ, ಎಲ್ಲಿ ಸೋರುತ್ತಿವೆ ಎಂಬುದನ್ನು ಕಾಲಕ್ರಮದಲ್ಲಿ ತೋರಿಸುವುದೇ ಇದರ ಸಾಮರ್ಥ್ಯ. ಲೇಸರ್ ಆದ ಮೇಲೂ ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ, ಅಂಚಿನಲ್ಲಿ ಲೇಸರ್ ತಲುಪದೆ ಉಳಿದ ಜಾಗ ಎಲ್ಲಿದೆ, ಹೊಸ ನಾಳ ಇನ್ನೂ ಸಜೀವವಾಗಿದೆಯೇ ಎಂದು ಇದರಲ್ಲಿ ಕಾಣುತ್ತದೆ. ಹಳೆಯ ಮ್ಯಾಕ್ಯುಲಾ ಲೇಸರ್ ಗುರುತಿನಿಂದ ಹೊಸ ನಾಳ ಕೆಳಗಡೆ ಎದ್ದಿದೆಯೆಂಬ ಅನುಮಾನವಿದ್ದರೆ, ಮೊದಲ ಕ್ಷಣಗಳಲ್ಲೇ ಹೊಳೆದು ಕೊನೆಯವರೆಗೂ ಹರಡುತ್ತಾ ಹೋಗುವ ಸೋರಿಕೆ ಅದರ ಗುರುತು. ಲೇಸರ್ ಗುರುತಿನ ಅಂಚೂ ಬಣ್ಣ ಹೀರಿ ಹೊಳೆಯುತ್ತದೆಯಾದರೂ ಅದು ತನ್ನ ಗಡಿ ದಾಟಿ ಹರಡುವುದಿಲ್ಲ. ಮೊದಲ ನಿಮಿಷದ ಚಿತ್ರವನ್ನೂ ಹತ್ತನೇ ನಿಮಿಷದ ಚಿತ್ರವನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಮಾತ್ರ ಈ ಭೇದ ತಿಳಿಯುತ್ತದೆ. ನಾಲ್ಕೇ ಚಿತ್ರಗಳ ಒಂದು ಹಾಳೆ ಕೊಟ್ಟು ಕಳಿಸುವ ಕೇಂದ್ರಗಳು ಇಡೀ ಪರೀಕ್ಷೆಯ ಸತ್ವವನ್ನು ತಮ್ಮ ಕಂಪ್ಯೂಟರಿನಲ್ಲಿಯೇ ಉಳಿಸಿಕೊಳ್ಳುತ್ತವೆ.

ಅಪಾಯದ ಬಗ್ಗೆ ಹೇಳಬೇಕಾದಷ್ಟನ್ನು ಹೇಳುವ ಕೇಂದ್ರಗಳು ಹೇಳುತ್ತವೆ, ಉಳಿದವು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಸುಮ್ಮನಾಗುತ್ತವೆ. ಬಣ್ಣ ಒಳಗೆ ಹೋದ ಒಂದರ್ಧ ನಿಮಿಷದಲ್ಲಿ ಹೊಟ್ಟೆ ತೊಳಸುವುದು ಕೆಲವರಿಗೆ ಆಗುತ್ತದೆ, ಬೇಗ ಕಳೆಯುತ್ತದೆ. ಚರ್ಮ ಕೆಲವು ಗಂಟೆ ಹಳದಿಯಾಗುತ್ತದೆ, ಮೂತ್ರ ಒಂದೂವರೆ ದಿನದವರೆಗೂ ಕಿತ್ತಳೆ ಬಣ್ಣವಿರಬಹುದು. ಇದನ್ನು ಮೊದಲೇ ಹೇಳದಿದ್ದರೆ ವಯಸ್ಸಾದವರು ಹೆದರುತ್ತಾರೆ. ತೀವ್ರ ಅಲರ್ಜಿ ಅಪರೂಪ, ಆದರೆ ಇಲ್ಲವೆಂದಲ್ಲ: ಅಮೆರಿಕದಲ್ಲಿ ನಡೆಸಿ 1986ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಸಮೀಕ್ಷೆಯಲ್ಲಿ ತೀವ್ರ ಪ್ರತಿಕ್ರಿಯೆ ಸುಮಾರು 1900 ಪರೀಕ್ಷೆಗಳಿಗೆ ಒಂದು, ಸಾವು 2,22,000ಕ್ಕೆ ಒಂದು ಎಂಬ ಲೆಕ್ಕ ಸಿಕ್ಕಿತ್ತು. ಹಾಗಾಗಿ ತುರ್ತು ಔಷಧದ ತಟ್ಟೆಯೂ ಅದನ್ನು ಬಳಸಲು ಬಲ್ಲ ವೈದ್ಯರೂ ಅದೇ ಮಹಡಿಯಲ್ಲಿ ಇದ್ದಾರೆಯೇ ಎಂದು ನೋಡಿಕೊಳ್ಳುವುದು ಅತಿಯಾದ ಎಚ್ಚರಿಕೆಯಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡದ ತೊಂದರೆಯೂ ಸಾಮಾನ್ಯ; ಬಣ್ಣ ಹೊರಹೋಗುವುದು ಆ ದಾರಿಯಿಂದಲೇ ಆದ್ದರಿಂದ ಅದನ್ನು ಮೊದಲೇ ತಿಳಿಸಬೇಕು. ರಕ್ತ ಮೂತ್ರಗಳ ಕೆಲವು ಪ್ರಯೋಗಾಲಯ ಪರೀಕ್ಷೆಗಳನ್ನು ಈ ಬಣ್ಣ ಕೆಡಿಸಬಲ್ಲದು. ಒಂದೇ ಪ್ರಯಾಣದಲ್ಲಿ ಎಲ್ಲ ಮುಗಿಸಲು ಹಳ್ಳಿಯಿಂದ ಬಂದವರು ರಕ್ತವನ್ನು ಬಣ್ಣದ ಮೊದಲೇ ಕೊಟ್ಟುಬಿಡುವುದು ಒಳ್ಳೆಯದು. ಇಷ್ಟೆಲ್ಲ ಇದ್ದರೂ, ಸರಿಯಾದ ಪ್ರಶ್ನೆಗೆ ಬಳಸಿದರೆ ಎಫ್‌ಎಫ್‌ಎಗೆ ಬದಲಿ ಇನ್ನೂ ಬಂದಿಲ್ಲ ಎಂಬುದೇ ನನ್ನ ಅಭಿಪ್ರಾಯ. ಪ್ರತಿ ಭೇಟಿಗೂ ಮಾಡಿಸುವ ಪರೀಕ್ಷೆ ಮಾತ್ರ ಇದಲ್ಲ.

ಬದಲಿ ಬಂದಿದೆ ಎಂದು ಹೇಳಿಕೊಂಡು ಮಾರಲಾಗುತ್ತಿರುವುದು ಓಸಿಟಿ ಆಂಜಿಯೋಗ್ರಫಿ. ಇಂಜೆಕ್ಷನ್ ಇಲ್ಲದೆ, ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಚಲಿಸುತ್ತಿರುವ ರಕ್ತಕಣಗಳಿಂದ ಆಗುವ ಬದಲಾವಣೆಯಿಂದಲೇ ನಾಳಗಳ ನಕ್ಷೆ ಕಟ್ಟುವ ಈ ವಿಧಾನ ಬುದ್ಧಿವಂತಿಕೆಯದು. ಚಿತ್ರಗಳು ಕಣ್ಣಿಗೆ ಹಬ್ಬ. ಮ್ಯಾಕ್ಯುಲಾದ ನಡುವಿನ ನಾಳಗಳು ಎಷ್ಟು ಅಳಿದಿವೆ ಎಂಬುದನ್ನು ಇದು ಬಣ್ಣದ ಪರೀಕ್ಷೆಗಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. ಊತವಿಲ್ಲ, ಗುರುತು ನಡುಬಿಂದುವನ್ನು ಮುಟ್ಟಿಲ್ಲ, ಆದರೂ ದೃಷ್ಟಿ ಏಕೆ ಮಂದ ಎಂಬ ಪ್ರಶ್ನೆಗೆ ಉತ್ತರ ಹಲವು ಸಲ ಇಲ್ಲಿರುತ್ತದೆ; ಲೇಸರ್‌ನ ಮೇಲೆ ಹೊರಿಸಿದ ತಪ್ಪು ನಿಜವಾಗಿ ಕಾಯಿಲೆಯದು ಎಂದು ಅದರಿಂದ ತಿಳಿಯಬಹುದು. ಆದರೆ ಸೋರಿಕೆಯನ್ನು ಇದು ತೋರಿಸುವುದೇ ಇಲ್ಲ. ಸಾಮಾನ್ಯವಾಗಿ ತೆಗೆಯುವುದು 3 ಅಥವಾ 6 ಮಿಲಿಮೀಟರ್ ಚೌಕದ ಚಿತ್ರ, ಪ್ಯಾನ್‌ರೆಟಿನಲ್ ಲೇಸರ್‌ನ ಗುರುತುಗಳೋ ಅದರಾಚೆ ಇವೆ. ಕಣ್ಣು ಕದಲಿದರೆ ನಾಳಗಳು ಮುರಿದಂತೆ ಕಾಣುತ್ತವೆ, ಮೇಲಿನ ಪದರದ ನಾಳದ ನೆರಳು ಕೆಳಗಿನ ಪದರದಲ್ಲಿ ನಾಳವಿದ್ದಂತೆ ಮೂಡುತ್ತದೆ. ವೈದ್ಯರು ಒಂದು ನಿರ್ದಿಷ್ಟ ಅನುಮಾನ ಹೇಳಿ ಬರೆದುಕೊಟ್ಟರೆ ಮಾಡಿಸಬಹುದು. ಪ್ಯಾಕೇಜಿನ ಹೆಸರಿನಲ್ಲಿ ಓಸಿಟಿಯ ಜೊತೆ ಸೇರಿಸಿ ಮಾರುವುದಾದರೆ ಬೇಡವೆನ್ನಲು ಹಿಂಜರಿಯಬೇಕಾಗಿಲ್ಲ.

ವೈಡ್‌ಫೀಲ್ಡ್ ಫೋಟೋದ ಹಿಂದೆ ಒಂದು ತಂದೆಯ ಕಥೆಯಿದೆ. ಸ್ಕಾಟ್ಲೆಂಡಿನ ಡಗ್ಲಸ್ ಆ್ಯಂಡರ್ಸನ್ ಅವರ ಐದು ವರ್ಷದ ಮಗ ಅಕ್ಷಿಪಟಲ ಕಳಚಿದ್ದು ತಡವಾಗಿ ಗೊತ್ತಾಗಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ. ಅಂಚಿನವರೆಗೂ ಒಂದೇ ಚಿತ್ರದಲ್ಲಿ ತೋರಿಸುವ ಯಂತ್ರ ಬೇಕೆಂದು ಅವರು 1992ರಲ್ಲಿ ಆಪ್ಟೋಸ್ ಕಂಪನಿ ಕಟ್ಟಿದರು, 2015ರಲ್ಲಿ ಅದನ್ನು ನಿಕಾನ್ ಕೊಂಡಿತು. ಸಾಧಾರಣ ಕ್ಯಾಮೆರಾ 30ರಿಂದ 50 ಡಿಗ್ರಿ ನೋಡಿದರೆ ಇದು 200 ಡಿಗ್ರಿ, ಅಂದರೆ ಅಕ್ಷಿಪಟಲದ ಸುಮಾರು ಶೇಕಡಾ 82ರಷ್ಟನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. ಪ್ಯಾನ್‌ರೆಟಿನಲ್ ಲೇಸರ್ ಆದವರಿಗೆ ಇದರ ಉಪಯೋಗ ನೇರವಾದದ್ದು: ಎಲ್ಲಿ ಗುರುತು ದಟ್ಟವಾಗಿದೆ, ಎಲ್ಲಿ ಜಾಗ ಬಿಟ್ಟುಹೋಗಿದೆ ಎಂಬುದು ಬಿತ್ತನೆಯಾದ ಗದ್ದೆಯನ್ನು ಗುಡ್ಡದ ಮೇಲಿನಿಂದ ನೋಡಿದಂತೆ ಒಂದೇ ನೋಟಕ್ಕೆ ತಿಳಿಯುತ್ತದೆ. ಬಣ್ಣ ಮಾತ್ರ ನಂಬುವಂಥದ್ದಲ್ಲ, ಏಕೆಂದರೆ ಹಲವು ಮಾದರಿಗಳಲ್ಲಿ ಕೆಂಪು ಮತ್ತು ಹಸಿರು ಲೇಸರ್ ಕಿರಣಗಳೆರಡರಿಂದ ಕಟ್ಟಿದ ಕೃತಕ ಬಣ್ಣವದು. ರೆಪ್ಪೆಗೂದಲು ಕೆಳಭಾಗವನ್ನು ಮುಚ್ಚುತ್ತದೆ. ರೆಪ್ಪೆಯನ್ನು ಎತ್ತಿ ಹಿಡಿಯುವ ತಾಳ್ಮೆ ತಂತ್ರಜ್ಞರಿಗಿದ್ದರೆ ಮಾತ್ರ ಚಿತ್ರ ಪೂರ್ತಿ ಬರುತ್ತದೆ.

ಇದೇ ಯಂತ್ರಗಳಲ್ಲಿ ಹಲವು ತೆಗೆಯಬಲ್ಲ ಆಟೋಫ್ಲೋರೆಸೆನ್ಸ್ ಚಿತ್ರದ ಬಗ್ಗೆ ಒಂದೆರಡು ಮಾತು ಬೇಕು, ಏಕೆಂದರೆ ಲೇಸರ್ ಆದವರಿಗೆ ಇದು ಇಂಜೆಕ್ಷನ್ ಇಲ್ಲದೆ ಸಿಗುವ ಅತ್ಯಂತ ಉಪಯುಕ್ತ ಚಿತ್ರಗಳಲ್ಲಿ ಒಂದು, ಮತ್ತು ಕೇಳಿದರಷ್ಟೇ ಮಾಡಿಕೊಡುವಂಥದ್ದು. ಅಕ್ಷಿಪಟಲದ ವರ್ಣಕೋಶಗಳು ಸ್ವಂತ ಹೊಳಪಿನಿಂದ ಬೂದು ಬಣ್ಣವಾಗಿ ಕಾಣುತ್ತವೆ. ಅವು ಸತ್ತ ಜಾಗ ಕಪ್ಪಾಗಿ ಕಾಣುತ್ತದೆ. ಮ್ಯಾಕ್ಯುಲಾದ ಹತ್ತಿರದ ಲೇಸರ್ ಚುಕ್ಕೆಗಳು, ನಡುಬಿಂದುವಿನಿಂದ 500 ಮೈಕ್ರಾನ್ ಆಚೆ ಹೊಡೆದವು, ವರ್ಷಗಳಲ್ಲಿ ಹಿಗ್ಗಿ ಒಂದಕ್ಕೊಂದು ಕೂಡಿಕೊಳ್ಳುತ್ತಿವೆಯೇ ಎಂಬುದನ್ನು ಈ ಕಪ್ಪು ಕಲೆಗಳ ಅಂಚು ಹೇಳುತ್ತದೆ. ಕೆಲವು ವರ್ಷಗಳ ಅಂತರದ ಎರಡು ಚಿತ್ರಗಳಿದ್ದರೆ ಹಿಗ್ಗಿದ್ದು ಕಣ್ಣಳತೆಗೇ ಸಿಗುತ್ತದೆ. ಒಂದೇ ಸಲಕ್ಕೆ ಹಲವು ಚುಕ್ಕೆಗಳನ್ನು ಸಾಲಾಗಿ ಹೊಡೆಯುವ, 20 ಮಿಲಿಸೆಕೆಂಡಿನ ಕಿರುಹೊಡೆತದ ಪ್ಯಾಟರ್ನ್ ಲೇಸರ್ ಬಂದ ಮೇಲೆ ಗುರುತುಗಳು ಹೀಗೆ ಹಿಗ್ಗುವುದು ಕಡಿಮೆಯಾಗಿದೆ. ಹಳೆಯ ಕ್ರಮದಲ್ಲಿ ಲೇಸರ್ ಆದವರು ಈ ಚಿತ್ರವನ್ನು ಕೇಳಿ ಪಡೆಯಬೇಕು.

ಬಿ-ಸ್ಕ್ಯಾನ್ ಬೇಕಾಗುವುದು ಒಳಗೆ ರಕ್ತ ತುಂಬಿ ವೈದ್ಯರಿಗೂ ಒಳಗೆ ಏನೂ ಕಾಣದಿದ್ದಾಗ. ಬೆಳಕು ಹೋಗದ ಕಡೆ ಶಬ್ದತರಂಗ ಹೋಗುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಮಾಡುತ್ತಾರೆ, ಹನಿ ಬೇಡ, ಬೇಗ ಮುಗಿಯುತ್ತದೆ. ಅಕ್ಷಿಪಟಲ ಕಳಚಿದೆಯೋ ಇಲ್ಲವೋ ಎಂಬುದಷ್ಟೇ ಆ ಹೊತ್ತಿನ ಪ್ರಶ್ನೆ, ಅದಕ್ಕೆ ಇದು ಸಾಕು.

ಬೆಂಗಳೂರಿನವೇ ಆದ ಫೋರಸ್ ಹೆಲ್ತ್‌ನ ತ್ರಿನೇತ್ರ ಕ್ಯಾಮೆರಾ, ರೆಮಿಡಿಯೊ ಕಂಪನಿಯ ಫೋನ್ ಜೋಡಿಸಿದ ಕ್ಯಾಮೆರಾಗಳು ಈಗ ಅನೇಕ ಶಿಬಿರಗಳಲ್ಲಿ ಕಾಣುತ್ತವೆ. ಕಾಯಿಲೆಯನ್ನು ಮೊದಲ ಸಲ ಪತ್ತೆ ಹಚ್ಚುವುದಕ್ಕೆ ಇಂಥವುಗಳ ಉಪಕಾರ ದೊಡ್ಡದು. ಆದರೆ ಲೇಸರ್ ಆದವರು ಶಿಬಿರದ ಫೋಟೋ ಚೆನ್ನಾಗಿದೆಯೆಂದು ಆಸ್ಪತ್ರೆಯ ತಪಾಸಣೆ ಬಿಡಬಾರದು. ನಡುಭಾಗದ ಸಾಧಾರಣ ಫೋಟೋದಲ್ಲಿ ಅಂಚಿನ ತೊಂದರೆಯೂ ಬರುವುದಿಲ್ಲ, ಊತದ ದಪ್ಪವೂ ತಿಳಿಯುವುದಿಲ್ಲ. ಕಂಪ್ಯೂಟರ್ ತಾನೇ ನೋಡಿ ತೀರ್ಪು ಹೇಳುವ ತಂತ್ರಾಂಶಗಳ ಮಿತಿಯೂ ಹೀಗೆಯೇ: 2018ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಮೊದಲ ತಂತ್ರಾಂಶವನ್ನು ಅಕ್ಷಿಪಟಲಕ್ಕೆ ಹಿಂದೆ ಲೇಸರ್ ಆದವರಲ್ಲಿ ಬಳಸಬಾರದೆಂದೇ ಹೇಳಲಾಗಿತ್ತು.

ಯಾವ ಚಿತ್ರದಲ್ಲೂ ಬರದ ತೊಂದರೆಗಳೂ ಇವೆ. ಅಂಚಿನ ದೃಷ್ಟಿ ಕುಗ್ಗುವುದು, ಮಬ್ಬು ಬೆಳಕಿನಲ್ಲಿ ಮೆಟ್ಟಿಲು ಕಾಣದಿರುವುದು, ಹತ್ತಿರದ್ದನ್ನು ಓದಲು ಕಷ್ಟವಾಗುವುದು ಪ್ಯಾನ್‌ರೆಟಿನಲ್ ಲೇಸರ್‌ನ ತಿಳಿದ ಪರಿಣಾಮಗಳು. ಅಕ್ಕ ಸಂಜೆ ಹೊತ್ತು ಅಂಗಳಕ್ಕಿಳಿಯಲು ಹೆದರುತ್ತಾರೆಂದು ಹೇಳಿದಾಗ ಒಂದು ಕೇಂದ್ರದಲ್ಲಿ ಮತ್ತೊಂದು ಓಸಿಟಿ ಬರೆದರು. ಅದು ಸರಿಯಾಗಿಯೇ ಇತ್ತು, ಹೆದರಿಕೆ ಹಾಗೆಯೇ ಉಳಿಯಿತು. ಅಲ್ಲಿ ಬೇಕಾದದ್ದು ದೃಷ್ಟಿವಲಯವನ್ನು ಅಳೆಯುವ ಪೆರಿಮೆಟ್ರಿ ಪರೀಕ್ಷೆ ಮತ್ತು ಇದು ಲೇಸರ್‌ನಿಂದ ಆದದ್ದು, ಅಂಗಳಕ್ಕೆ ದೀಪ ಹಾಕಿಸಿ ಎಂಬ ನಾಲ್ಕು ಮಾತು. ಮೈಸೂರಿನ ವೈದ್ಯೆಯೊಬ್ಬರು ಕೊನೆಗೆ ಎರಡನ್ನೂ ಕೊಟ್ಟರು. ಲೇಸರ್ ಆದ ದಿನವೋ ಮರುದಿನವೋ ಕಣ್ಣು ತೀವ್ರವಾಗಿ ನೋಯುತ್ತಾ, ಕೆಂಪಾಗಿ, ವಾಂತಿ ಬಂದರೆ ಸ್ಕ್ಯಾನ್ ಕೇಂದ್ರವನ್ನು ಹುಡುಕುವುದಲ್ಲ, ಕಣ್ಣಿನ ಒತ್ತಡ ನೋಡಿಸಲು ತಕ್ಷಣ ವೈದ್ಯರ ಬಳಿಗೇ ಹೋಗಬೇಕು.

ಸೇವೆಯ ಮಟ್ಟವನ್ನು ಅಳೆಯಲು ನಾನು ಈಗ ಕೌಂಟರಿನಲ್ಲಿಯೇ ಕೇಳುವುದು ಇಷ್ಟು: ಹಿಂದಿನ ಸ್ಕ್ಯಾನ್ ನಿಮ್ಮ ಯಂತ್ರದಲ್ಲಿದೆಯೇ, ಅದರ ಜೊತೆ ಹೋಲಿಸಿದ ವರದಿ ಕೊಡುತ್ತೀರಾ, ಎಲ್ಲ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲೋ ಸಿಡಿಯಲ್ಲೋ ಕೊಡುತ್ತೀರಾ. ಬೆಂಗಳೂರಿನ ಒಂದು ಕೇಂದ್ರ ಕೊನೆಯದಕ್ಕೆ ಪ್ರತ್ಯೇಕ ಶುಲ್ಕ ಹೇಳಿತು, ಇನ್ನೊಂದು ಅಂಥ ಪದ್ಧತಿಯೇ ಇಲ್ಲವೆಂದಿತು. ಪರೀಕ್ಷೆಗೆ ಹಣ ಕೊಟ್ಟವರಿಗೆ ಅದರ ಚಿತ್ರಗಳನ್ನು ಕೊಡದಿರುವುದಕ್ಕೆ ಒಪ್ಪುವಂಥ ಕಾರಣ ನನಗೆ ಯಾರೂ ಹೇಳಿಲ್ಲ. ಹನಿ ಹಾಕಿಸಿಕೊಂಡವರಿಗೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದಾದ್ದರಿಂದ ಜೊತೆಗೊಬ್ಬರು ಇರಲೇಬೇಕು, ಸಕ್ಕರೆ ಇರುವವರು ಊಟ ತಪ್ಪಿಸುವಂತಿಲ್ಲ. ಕಾಯುವ ಕೋಣೆಯಲ್ಲಿ ಇದನ್ನು ನೆನಪಿಟ್ಟು ವಯಸ್ಸಾದವರನ್ನು ಮೊದಲು ಕರೆದದ್ದು ಹಾಸನದ ಚಿಕ್ಕ ಕೇಂದ್ರ. ಅಲ್ಲಿ ಓಸಿಟಿ ಬಿಟ್ಟರೆ ಬೇರೆ ಯಂತ್ರವಿಲ್ಲ. ಮೈಸೂರಿನಲ್ಲಿ ಓಸಿಟಿಯೂ ಎಫ್‌ಎಫ್‌ಎಯೂ ಇವೆ, ಲೇಸರ್‌ಗೆ ಮೊದಲಿನ ಚಿತ್ರಗಳೂ ಅಲ್ಲಿನ ಯಂತ್ರದಲ್ಲಿಯೇ ಇವೆ, ಕೇಳಿದರೆ ಸಿಡಿಯಲ್ಲಿ ಹಾಕಿ ಕೊಡುತ್ತಾರೆ. ಬೆಂಗಳೂರಿನಲ್ಲಿ ಹೊಸ ವೈಡ್‌ಫೀಲ್ಡ್ ಯಂತ್ರವಿದ್ದರೂ ವಾಡಿಕೆಯ ತಪಾಸಣೆಗೆ ಅಕ್ಕನನ್ನು ಮೈಸೂರಿಗೇ ಕರೆದೊಯ್ಯುತ್ತೇನೆ, ಅಂಚಿನ ಚಿತ್ರ ಬೇಕೆಂದು ಅಲ್ಲಿನ ವೈದ್ಯೆ ಬರೆದುಕೊಟ್ಟಾಗ ಮಾತ್ರ ಬೆಂಗಳೂರು.